ಹಳೇ ಹಾಲ್ ರೋಡ್ (ಅದಿರು ಸಾಗಿಸೋ ದಾರಿ) ಅಂಚು ಬಿರುಕು ಬಿಟ್ಟೈತಿ, ಮಳೆಗಾಲ ತಡೀತೈತಾ? (ಸಂಡೂರು)

ಕೆಂಪುಮಣ್ಣು:
ಎಲ್ಲಾರಿಗೂ ನಮಸ್ಕಾರ್ರೀ. ಸಂಡೂರು ಕಡೆ ಒಂದು ಅದಿರು ಮೈನ್ಸ್‌ನಾಗ ಮೇಟ್ (ಕೆಲಸಗಾರರ ಮೇಲ್ವಿಚಾರಕ) ಅದೀನಿ, ಮೈನ್ಸ್ ಹೆಸರು ಬ್ಯಾಡ. ಗುಡ್ಡದ ಮ್ಯಾಲಿಂದ ಸ್ಟಾಕ್‌ಯಾರ್ಡಿಗೆ ಇಳಿಯೋ ರೋಡ್ ಭಾಳ ಹಳೇದು, ಆಗ 10 ಟನ್ ಗಾಡಿ ಓಡಾಡ್ಲಿ ಅಂತ ಗುಡ್ಡದ ಬದಿ ಕಡಿದು ಆ ಮಣ್ಣನ್ನೇ ಹೊರಗಡೆ ತಳ್ಳಿ ಅಗಲ ಮಾಡಿದ್ದು, ಈಗ ಅದರ ಮ್ಯಾಲೇ ದೊಡ್ಡ ಟಿಪ್ಪರ್ ಲೋಡ್ ಹೊತ್ಕೊಂಡು ಇಳೀತಾವ. ಎರಡನೇ ತಿರುವಿನಾಗ ಹೊರ ಅಂಚಿಗೆ ಸಮನಾಗಿ ಉದ್ದಕ್ಕ ಬಿರುಕು ಬಿಟ್ಟೈತಿ. ಹೋದ ವಾರ ಹೆಬ್ಬೆರಳು ಹೋಗ್ತಿತ್ತು, ನಿನ್ನೆ ಮಳೆ ಆದಮ್ಯಾಲ ಪೂರಾ ಹಸ್ತ ಇಳೀತು. ಎರಡು ಸಲ ಗರಸು ಹಾಕಿ ಬರ್ಮ್ (ಅಂಚಿನ ಮಣ್ಣಿನ ಒಡ್ಡು) ಎತ್ತರ ಮಾಡಿಸಿದ್ರು, ಮತ್ತ ಬಾಯಿ ಬಿಟ್ಟೈತಿ. ಕೆಳಗಿನ ಹಳ್ಳಕ್ಕೂ ಕೆಂಪು ನೀರು ಹೋಗ್ತೈತಿ ಅಂತ ರೈತರು ಬಂದು ಜಗಳ ಮಾಡ್ಯಾರ. ಇದನ್ನ ಸೇಫ್ಟಿ ಅಂತ ಬರೀಲೋ, ಪರಿಸರ ಅಂತ ಬರೀಲೋ?

ಮಣ್ಣಿನ ಇಂಜಿನಿಯರ್:
ಮೊದಲು ಆ ಬದಿ ಗಾಡಿ ಓಡಾಟ ನಿಲ್ಲಿಸ್ರೀ, ಮಿಕ್ಕಿದ್ದೆಲ್ಲಾ ಆಮೇಲೆ. ಅಂಚಿಗೆ ಸಮನಾಗಿ ಬಿರುಕು ಬಂದಿದೆ, ತುಂಬಿದರೂ ಮತ್ತೆ ತೆರೀತಿದೆ ಅಂದ್ರೆ ತಳ್ಳಿದ ಮಣ್ಣು ಕೆಳಕ್ಕೆ ಜಾರೋಕೆ ಶುರು ಮಾಡಿದೆ ಅಂತ ಅರ್ಥ. ಹಳೇ ರೋಡುಗಳಲ್ಲಿ ಗಿಡದ ಬೊಡ್ಡೆ ಕೀಳದೆ, ರೋಲರ್ ಹಾಕದೆ ಮಣ್ಣು ಸುರಿದಿರ್ತಾರೆ, ಅದರ ಅಡಿಯಲ್ಲಿರೋ ಹಳೇ ಇಳಿಜಾರೇ ಜಾರುಬಂಡೆ ಆಗುತ್ತೆ. ಸಂಡೂರಲ್ಲಿ ಬಿಎಚ್‌ಕ್ಯೂ (ಕಬ್ಬಿಣದ ಪಟ್ಟೆ ಇರೋ) ಕಲ್ಲು ಗಟ್ಟಿ ನಿಜ, ಆದ್ರೆ ಅದರ ಜೊತೆ ಬರೋ ಫಿಲೈಟ್, ಶೇಲ್ ಅನ್ನೋ ಪದರ ಪದರದ ಮೆತ್ತನೆ ಕಲ್ಲು ನೀರು ಕುಡಿದ್ರೆ ಸೋಪಿನ ಥರ. ಅಂಥ ಕಡೆ ಬರ್ಮ್ ಎತ್ತರ ಮಾಡಿದ್ರೆ ಜಾರೋ ಮಣ್ಣಿನ ತಲೆ ಮೇಲೇ ಭಾರ ಹೇರಿದ ಹಾಗೆ. ಬರ್ಮ್ ಓಡಾಡೋ ದೊಡ್ಡ ಗಾಡಿಯ ಟೈರಿನಷ್ಟು ಎತ್ತರ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅದನ್ನ ಬಿರುಕಿನಿಂದ ಒಳಗೆ, ಗಟ್ಟಿ ನೆಲದ ಮೇಲೆ ಹಾಕಿಸಿ. ರೋಡ್ ಕಿರಿದಾದ್ರೆ ಗುಡ್ಡದ ಬದಿ ಕಡೀಬೇಕಾಗುತ್ತೆ, ಅದು ಲೀಸಿನ ಗಡಿ ದಾಟಿದ್ರೆ ಅರಣ್ಯದ ಅನುಮತಿ ಬೇಕು, ಕೇಳದೆ ಹಿಟಾಚಿ ಇಳಿಸಬೇಡಿ. ಬಿರುಕಿನ ಆ ಕಡೆ ಈ ಕಡೆ ಒಂದೊಂದು ಗೂಟ ಹೊಡೆದು ದಿನಾ ಬೆಳಿಗ್ಗೆ ಟೇಪ್ ಹಿಡೀರಿ, ಅಂತರ ದಿನದಿಂದ ದಿನಕ್ಕೆ ಜಾಸ್ತಿ ಜಾಸ್ತಿ ಆಗ್ತಿದ್ರೆ ಇಡೀ ರೋಡೇ ಬಂದ್ ಮಾಡ್ಬೇಕು.

ಹಳೇ ಫೋರ್‌ಮನ್:
ತಮ್ಮಾ, ಒಳಗಡೆ ಚರಂಡಿ ಹೆಂಗೈತಿ ನೋಡಿದ್ಯಾ? ಗುಡ್ಡದ ಬುಡದಾಗ ಚರಂಡಿ ಇರ್ಬೇಕು, ರೋಡ್ ಆ ಕಡೀಗೇ ವಾಲಿರ್ಬೇಕು. ಗ್ರೇಡರ್ (ರೋಡ್ ಸಮ ಮಾಡೋ ಗಾಡಿ) ಹೊಡ್ದು ಹೊಡ್ದು ಫೈನ್ಸ್ (ಸಣ್ಣ ಪುಡಿ) ಎಲ್ಲಾ ಚರಂಡಿಗೆ ಬೀಳ್ತಾವ, ಮೋರಿ ಪೈಪ್ ಮುಚ್ಚತೈತಿ, ಆಮ್ಯಾಲ ನೀರು ರೋಡ್ ದಾಟಿ ಬರ್ಮ್‌ಗೆ ಒತ್ತಿ ನಿಂದರತೈತಿ. ನಿಂತ ನೀರು ಎಲ್ಲಿಗೆ ಹೋಗ್ಬೇಕು? ಬಿರುಕಿಗೇ ಇಳೀತೈತಿ. ನಾನು ನೋಡಿದ ರೋಡ್ ಕುಸಿತದಾಗ ಮುಕ್ಕಾಲು ಪಾಲು ಮುಚ್ಚಿದ ಮೋರಿಯಿಂದಾನೇ ಆಗಿದ್ದು. ಬಿರುಕಿಗೆ ಜೇಡಿಮಣ್ಣು ಹಾಕಿ ಗಟ್ಟಿ ತುಳಿಸು, ಗರಸು ಹಾಕಿದ್ರ ಜರಡಿ ಇದ್ದಂಗ. ಮತ್ತ ಶಿಫ್ಟ್ ಪುಸ್ತಕದಾಗ ಬರಿ, ಬಾಯಿ ಮಾತಿಗೆ ಬೆಲೆ ಇಲ್ಲ.

ಹಳ್ಳದ ದಂಡಿ:
ನಾನು ಕೆಳಗಿನ ಊರಿನವ. ಹಳ್ಳದ ನೀರು ಒಂದು ಬಾಟ್ಲಿ ಹಿಡಿದು ಇಟ್ಟಿದ್ದೆ, ಬೆಳಿಗ್ಗೆ ನೋಡಿದ್ರ ತಳದಾಗ ಎರಡು ಬೆರಳು ಕೆಂಪು ಕೆಸರು. ಅದೇ ನೀರು ಹೊಲಕ್ಕ ಬರತೈತಿ, ಮುಂದ ನಾರಿಹಳ್ಳಕ್ಕ ಹೋಗತೈತಿ. 2011ರ ಜುಲೈನಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿತ್ತು, 2013ರ ಏಪ್ರಿಲ್ ತೀರ್ಪಿನಾಗ ಎ, ಬಿ ವರ್ಗದ (ಅಕ್ರಮ ಇಲ್ಲದ ಇಲ್ಲಾ ಕಮ್ಮಿ ಇದ್ದ) ಗಣಿಗೆ ಆರ್ ಅಂಡ್ ಆರ್ ಪ್ಲ್ಯಾನ್ (ಕೆಟ್ಟ ನೆಲ ಸರಿಪಡಿಸೋ ಯೋಜನೆ) ಷರತ್ತಿನ ಮ್ಯಾಲ ಬಿಟ್ಟಾರ. ಚೆಕ್ ಡ್ಯಾಂ, ತಡೆಗೋಡೆ, ಹೂಳು ಕೂರಿಸೋ ಗುಂಡಿ ಎಲ್ಲಾ ಆ ಪ್ಲ್ಯಾನಿನಾಗ ಇರೋದೇ. ಕಟ್ಟಿದ್ದು ಖರೆ, ಮಳೆಗಾಲಕ್ಕ ಮೊದಲು ಹೂಳು ತೆಗೀದಿದ್ರ ಮೊದಲ್ನೇ ಮಳೆಗೇ ತುಂಬಿ ಮ್ಯಾಲ ಹರಿಯತೈತಿ. ಇಸಿ (ಪರಿಸರ ಅನುಮತಿ) ಷರತ್ತಿನ ವರದಿ ವರ್ಷಕ್ಕ ಎರಡು ಸಲ, ಜೂನ್ 1 ಮತ್ತ ಡಿಸೆಂಬರ್ 1ಕ್ಕ ಕೊಡ್ಬೇಕು, ಅದನ್ನ ನಮ್ಮಂಥೋರೂ ಓದಬಹುದು. ಜಗಳಕ್ಕ ಬಂದೋರು ನಿಮ್ಮ ಶತ್ರುಗಳಲ್ಲ ಅಣ್ಣಾ, ರೋಡ್ ಕುಸಿದ್ರ ಮಣ್ಣು ಬರೋದು ನಮ್ಮ ಮ್ಯಾಲೇ.

ಕೆಂಪುಮಣ್ಣು:
ಇವತ್ತು ಚರಂಡಿ ಅಗೆಸಿದೆ. ಮೋರಿ ಪೈಪಿನ ಬಾಯೇ ಕಾಣ್ತಿರಲಿಲ್ಲ, ಸಲಿಕೀಲೆ ಮೊಣಕಾಲುದ್ದ ತೆಗೆದಮ್ಯಾಲ ಸಿಕ್ತು. ಫೋರ್‌ಮನ್ ಸಾಹೇಬ್ರ, ನೀವು ಹೇಳಿದ್ದು ಅಕ್ಷರಶಃ ಖರೆ. ತಿರುವಿಗೆ ಬೇಲಿ ಹಾಕಿಸೀನಿ, ಗೂಟ ಹೊಡೆದೀನಿ, ಸೇಫ್ಟಿ ಮತ್ತ ಪರಿಸರ ಎರಡೂ ಕಡೆ ಒಂದೇ ವರದಿ ಬರೆದು ಮ್ಯಾನೇಜರ್ ಸಹಿ ತಗೊಂಡೆ. ಗೂಟದ ಅಂತರ ಇವತ್ತು 112 ಸೆಂಟಿಮೀಟರ್, ನಾಳೆ ಬೆಳಿಗ್ಗೆ ಅಳೆದು ಇಲ್ಲೇ ಹಾಕ್ತೀನ್ರೀ.