ಅಪ್‌ಡೇಟ್: ದೋಣಿ ಇಂಜಿನ್ ಬಿಸಿಯಾಗ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ಹೋದ ತಿಂಗಳು ಕೇಳಿದ್ದೆ: ಹೊನ್ನಾವರದ ಹತ್ತಿರ ಶರಾವತಿಯಲ್ಲಿ ಓಡಿಸುವ ನಮ್ಮ 16 ಅಡಿ ಫೈಬರ್ ದೋಣಿಯ 9.9 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಇಂಜಿನ್) ಹತ್ತೇ ನಿಮಿಷಕ್ಕೆ ಬಿಸಿಯಾಗಿ ಅಲಾರಂ ಕೂಗುತ್ತದೆ, ಏನು ಮಾಡಲಿ ಅಂತ. ಜಾಸ್ತಿ ಜನ ಇಂಪೆಲ್ಲರ್ (ಇಂಜಿನ್ ತಂಪಾಗಿಸಲು ನೀರನ್ನು ಮೇಲಕ್ಕೆ ತಳ್ಳುವ ಚಕ್ರ) ನೋಡಿ ಅಂದಿದ್ದಿರಿ. ಹೌದು, ಅದೇ.

ಇಂಜಿನ್ನಿನ ಕೆಳಭಾಗದ ಗೇರ್‌ಕೇಸ್ ಬಿಚ್ಚಿ ನೋಡಿದರೆ ನೀರಿನ ಪಂಪಿನೊಳಗಿನ ಆ ಪುಟ್ಟ ರಬ್ಬರ್ ಚಕ್ರದ ಎರಡು ರೆಕ್ಕೆ ಮುರಿದಿವೆ, ಉಳಿದವು ಬಿಸಿಲಲ್ಲಿ ಬಿಟ್ಟ ಹವಾಯಿ ಚಪ್ಪಲಿ ಹಾಗೆ ಸೆಟೆದು ಒಂದೇ ಕಡೆ ಬಾಗಿವೆ. ನೀರು ಇಳಿದಾಗ ಮರಳು ದಿಬ್ಬದ ಮೇಲೆ ಉಜ್ಜಿಕೊಂಡು ಓಡಿಸಿದ್ದು ನಾನೇ, ಯಾರನ್ನು ಬೈಯಲಿ?

ಹೊಸದು ಹಾಕಿದೆ. ಆದರೂ ತಂಪು ಮಾಡಿದ ನೀರು ಹೊರಬರುವ ಹಿಂಬದಿಯ ತೂತಿನಿಂದ ನೀರು ಚಿಮ್ಮಲಿಲ್ಲ, ತೊಟ್ಟಿಕ್ಕಿತು ಅಷ್ಟೇ. ಮುರಿದ ಚೂರು ಎಲ್ಲಿಗೆ ಹೋಯ್ತು ಅಂತ ಯೋಚನೆಯೇ ಮಾಡಿರಲಿಲ್ಲ ನೋಡಿ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಕವಾಟ) ತೆಗೆದರೆ ಆ ಚೂರು ಅಲ್ಲೇ ಕೂತಿದೆ, ಸುತ್ತ ಬಿಳೀ ಉಪ್ಪಿನ ಹಕ್ಕಳೆ. ನದಿ ಅಲ್ವಾ ಅಂತ ನಾನು ಸುಮ್ನಿದ್ದೆ. ಉಬ್ಬರದ ಹೊತ್ತಿಗೆ ಉಪ್ಪುನೀರು ನಮ್ಮ ದಕ್ಕೆ ತನಕ ಬರುತ್ತದೆ. ಮೊದಲು ತೋರಿಸಿದ ಮೆಕ್ಯಾನಿಕ್ ಸಿಲಿಂಡರ್ ಹೆಡ್ಡೇ ಬದಲಾಯಿಸಿ ಅಂದಿದ್ದ, ಪುಣ್ಯಕ್ಕೆ ಒಪ್ಪಲಿಲ್ಲ.

ಈಗ ಪ್ರತಿ ಸಲ ಬಂದ ಮೇಲೆ ಬಾವಿ ನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ ಮುಳುಗಿಸಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸುತ್ತೇನೆ. ಇಂಜಿನ್ ತಿನ್ನಿಸಿಕೊಳ್ಳದ ಹಾಗೆ ಅದರ ಬದಲು ತಾನೇ ಸವೆಯುವ ಜಿಂಕ್ ತುಂಡು ಇರುತ್ತದಲ್ಲ, ಸವೆದಿದ್ದ ಅದನ್ನೂ ಬದಲಾಯಿಸಿದೆ.

ದೋಣಿ ನೋಂದಣಿ ಬಗ್ಗೆ ಕೇಳಿದವರಿಗೆ: 1917ರ ಹಳೇ ಕಾಯ್ದೆ ಹೋಗಿ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ, ಕಾಗದಪತ್ರಕ್ಕೆ ಹೊರಟರೆ ಅದನ್ನು ಓದಿಕೊಂಡೇ ಹೋಗಿ. ನಿನ್ನೆ ಒಂದೂವರೆ ಗಂಟೆ ಸುತ್ತಿ ಬಂದೆ, ಒಮ್ಮೆಯೂ ಕೂಗಲಿಲ್ಲ.