ಆಚಾರಿ ಕೆಲಸ ಮಾಡುವ ಜಾಗಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ನನ್ನನ್ನು ಹತ್ತು ದಿನದಿಂದ ಕಾಡುತ್ತಿದೆ.

ಗೆಳತಿಯೊಬ್ಬಳು ಕಲಾ ಪ್ರದರ್ಶನಕ್ಕಾಗಿ ಉಡುಪಿ ಹತ್ತಿರದ ಮರದ ಆಚಾರಿಯೊಬ್ಬರ ಕೆಲಸವನ್ನು ವಿಡಿಯೋ ಮಾಡಿದ್ದಾಳೆ. ಹಲಸಿನ ಮರದಲ್ಲಿ ಭೂತದ ಮೂರ್ತಿ ಕೆತ್ತುವವರು. ಅದಿಲ್ಲದ ದಿನ ಮಣೆ, ತೊಟ್ಟಿಲು, ಬಾಗಿಲ ದಾರಂದ. ವಿಡಿಯೋದಲ್ಲಿ ಮಾತು ಕಮ್ಮಿ, ಇರುವುದೂ ತುಳು. ಕನ್ನಡ ಸಬ್‌ಟೈಟಲ್ ನನ್ನ ಪಾಲಿಗೆ ಬಂತು. ಮೊದಲ ಸಾಲಿಗೇ ಎಡವಿದೆ: ಅವರು ಕೂತು ಕೆಲಸ ಮಾಡುವ ಜಾಗಕ್ಕೆ ಏನೆನ್ನಬೇಕು?

ಶುರುವಿಗೆ ‘ಕಾರ್ಯಾಗಾರ’ ಅಂತ ಹಾಕಿದೆ. ನೋಡಿದವರೊಬ್ಬರು, “ಎಷ್ಟು ದಿನದ್ದು? ಸರ್ಟಿಫಿಕೇಟ್ ಕೊಡ್ತಾರಾ?” ಅಂದರು. ಅವರದ್ದೇನೂ ತಪ್ಪಿಲ್ಲ, ಆ ಪದ ಈಗ ಊಟ-ತಿಂಡಿ ಸಮೇತದ ಎರಡು ದಿನದ ಕಾರ್ಯಕ್ರಮಕ್ಕೇ ಮೀಸಲು. ‘ವರ್ಕ್‌ಶಾಪ್’ ಅಂದರೆ ನಮ್ಮಲ್ಲಿ ಸ್ಕೂಟರ್ ಬಿಚ್ಚಿಟ್ಟಿರುವ ಜಾಗ. ‘ಕಮ್ಮಟ’ ಚೆಂದದ ಪದ. ಹಿಂದೆ ನಾಣ್ಯ ಅಚ್ಚು ಹಾಕುವಲ್ಲಿಗೆ ಹಾಗೆನ್ನುತ್ತಿದ್ದರು. ಆದರೆ ಅದನ್ನು ಕಥೆ, ಕವಿತೆಯವರು ಯಾವತ್ತೋ ಎತ್ತಿಕೊಂಡು ಹೋದರು.

‘ಶಾಲೆ’ಯನ್ನೂ ಯೋಚಿಸಿದೆ. ಪಾಕಶಾಲೆ, ಗೋಶಾಲೆ, ಟಂಕಸಾಲೆ ಎಲ್ಲದರಲ್ಲೂ ಅದು ಬರೀ ‘ಜಾಗ’ ತಾನೆ? ಆದರೂ ‘ಮರಗೆಲಸದ ಶಾಲೆ’ ಅಂದ ಕೂಡಲೇ ಬೆಂಚು, ಬೋರ್ಡು, ಹಾಜರಿ ಪುಸ್ತಕ ಕಣ್ಣಿಗೆ ಬರುತ್ತವೆ. ‘ಕೂಟ’ದ ಕಥೆಯೂ ಅಷ್ಟೆ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಶುರು ಮಾಡಿದ ಮುದ್ರಣಾಲಯವನ್ನು ‘ಅಚ್ಚುಕೂಟ’ ಅಂದರೆ ಯಾರಿಗೂ ಗೊಂದಲವಿಲ್ಲ. ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನ ಆ ಮಿಶನ್ನಿನಿಂದಲೇ. ಆದರೆ ‘ಮರಗೆಲಸದ ಕೂಟ’ ಅಂದು ನೋಡಿ. ಭಾನುವಾರ ಸಂಜೆ ಚಹಾಕ್ಕೆ ಸೇರಿದ ಹಾಗೆ ಕೇಳುತ್ತದೆ.

ಅವರನ್ನೇ ಕೇಳಿದರೆ ಆಗುತ್ತಿತ್ತಲ್ಲ ಅನ್ನುತ್ತೀರಿ. ಕೇಳಿದೆವು. “ಕೊಟ್ಯ” ಅಂದರು, ತಲೆ ಎತ್ತದೆ. ಮನೆಗೆ ತಾಗಿ ಇಳಿಸಿದ ಮಾಡು, ಮೂರು ಕಡೆ ಗೋಡೆಯೇ ಇಲ್ಲ, ಮಳೆಯ ಇರಚಲಿಗೆ ನೀಲಿ ಟಾರ್ಪಾಲು. ನೆಲದಲ್ಲಿ ಕಾಲು ಚಾಚಿ ಕೂತು, ಮರದ ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಕೊಡತಿ. ಹೊಸದಾಗಿ ಕೊಯ್ದ ಹಲಸು ಅರಸಿನದ ಹಾಗೆ ಹಳದಿ. ಹಿಂದಿನ ಮಳೆಗಾಲದಲ್ಲಿ ಅರ್ಧಕ್ಕೆ ಬಿಟ್ಟ ಇನ್ನೊಂದು ಮೂರ್ತಿ ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ನಿಂತಿದೆ. ಅಂಥ ಜಾಗಕ್ಕೆ ‘ಆಗಾರ’ ಅಂದರೆ ಜಾಸ್ತಿಯಾಯಿತು ಅಲ್ವಾ?

ಹಾಗಾಗಿ ‘ಆಚಾರಿಯ ಕೊಟ್ಟಿಗೆ’ ಅಂತ ಬರೆದೆ. ದಾವಣಗೆರೆಯ ಸ್ನೇಹಿತ ನೋಡಿ, “ದನ ಎಲ್ಲಿ?” ಅಂದ. ನಮ್ಮಲ್ಲಿ ದನ ಕಟ್ಟುವುದು ಹಟ್ಟಿಯಲ್ಲಿ. ಕೊಟ್ಟಿಗೆಯಲ್ಲಿ ಸೌದೆ ಇರಬಹುದು, ತೆಂಗಿನಕಾಯಿ ಇರಬಹುದು, ಹಳೇ ಸೈಕಲ್ಲೂ ಇರಬಹುದು. ಅವನಿಗೆ ಹಟ್ಟಿ ಅಂದರೆ ಒಂದು ಊರು, ಗೊಲ್ಲರಹಟ್ಟಿ ಅನ್ನುವ ಹಾಗೆ. ನಾನು ಹಟ್ಟಿಗೆ ಹೋಗಿ ಸೆಗಣಿ ಬಾಚಿದೆ ಅಂದರೆ ಊರೆಲ್ಲ ಗುಡಿಸಿದೆ ಅಂದುಕೊಂಡಾನು!

ಆದರೂ ನನ್ನ ಮನಸ್ಸು ಕೊಟ್ಟಿಗೆಯ ಕಡೆಗೇ ಇದೆ. ಕೊಟ್ಯಕ್ಕೆ ತೀರಾ ಹತ್ತಿರದ ಪದ ಅದು, ಆ ಮಾಡಿನ ಎತ್ತರಕ್ಕೂ ಸರಿಹೊಂದುತ್ತದೆ. ತೆರೆಯ ಮೇಲೆ ಮನುಷ್ಯ ಕಾಣುತ್ತಿರುವಾಗ ದನವನ್ನು ಯಾರೂ ಹುಡುಕಲಾರರು ಅಂತ ಧೈರ್ಯ. ಆಲೆಮನೆಯ ಹಾಗೆ ‘ಮನೆ’ ಸೇರಿದ ಪದ ಬಡಗಿ ಕೆಲಸಕ್ಕೂ ಎಲ್ಲಾದರೂ ಬಳಕೆಯಲ್ಲಿದೆಯೇ? ಹೊಸದಾಗಿ ಕಟ್ಟಿದ್ದು ಬೇಡ, ಆಡುಮಾತಿನಲ್ಲಿ ಇರುವುದು ಬೇಕು. ಶಿರಸಿ, ಸಾಗರ, ಧಾರವಾಡ ಕಡೆಯವರು ದಯವಿಟ್ಟು ಹೇಳಿ.

‘ಆಚಾರಿ’ಯನ್ನು ‘ಆಚಾರ್ಯರು’ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟರು, ಗೌರವಕ್ಕೆ. ಉಡುಪಿಯಲ್ಲಿ ಸುಮ್ನೆ ಆಚಾರ್ಯರು ಅಂದರೆ ಮಧ್ವಾಚಾರ್ಯರು. ಬೇಡ.

ಇನ್ನೊಂದು ಸಣ್ಣ ಪ್ರಶ್ನೆ. ಹತ್ತರಿ ಹೊಡೆಯುವಾಗ (ತೋಪಡ ಅನ್ನುವವರೂ ಇದ್ದಾರೆ) ತೆಳ್ಳಗೆ ಸುರುಳಿ ಸುರುಳಿಯಾಗಿ ಮರ ಏಳುತ್ತದಲ್ಲ, ಅದಕ್ಕೆ ಬೇರೆಯೇ ಹೆಸರಿದೆಯೇ? ಚಕ್ಕೆ ಅಂದರೆ ದಪ್ಪವಾಯಿತು, ಹುಡಿ ಗರಗಸದ್ದು. ಗೆಳತಿ ಕ್ಯಾಮರಾವನ್ನು ನೆಲಕ್ಕಿಟ್ಟು ಆ ಸುರುಳಿಗಳನ್ನೇ ನಲವತ್ತು ಸೆಕೆಂಡು ಹಿಡಿದಿದ್ದಾಳೆ. ಇದಕ್ಕೇನಂತೀರಿ ಅಂತ ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಕೇಳಿದಳು. ಅವರು ಒಮ್ಮೆ ಸುರುಳಿಯನ್ನು, ಒಮ್ಮೆ ಇವಳನ್ನು ನೋಡಿ, “ಕಜವು” ಅಂದರು. ತುಳುವಿನಲ್ಲಿ ಕಸ.

ಸಬ್‌ಟೈಟಲ್ಲಿನಲ್ಲಿ ಸದ್ಯಕ್ಕೆ ಅದೇ ಇದೆ.