ಅಕ್ಟೋಬರ್‌ನಲ್ಲಿ ಎರಡು ವಾರ: ವಿಯೆಟ್ನಾಂ ಒಂದೇ ಸಾಕಾ, ಕಾಂಬೋಡಿಯಾನೂ ಸೇರಿಸೋದಾ?

ಜಯನಗರ_ನಾಲ್ಕನೇ_ಬ್ಲಾಕ್:

ನಮಸ್ಕಾರ. ದಸರಾ ರಜೆಗೆ ಮನೆಮಂದಿ ನಾಲ್ವರು ಹೊರಡೋ ಯೋಚನೆ ಇದೆ. ನಾನು, ಹೆಂಡತಿ, 11 ವರ್ಷದ ಮಗಳು, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು. ಸಮತಟ್ಟಾದ ಕಡೆ ಒಂದು ಗಂಟೆ ನಡೀತಾರೆ, ಮೆಟ್ಟಿಲು ಅಂದ್ರೆ ಕಷ್ಟ. ಎಲ್ಲರೂ ಸಸ್ಯಾಹಾರಿಗಳು, ಮಗಳು ಮಾತ್ರ ಮೊಟ್ಟೆ ತಿಂತಾಳೆ. ಬೆಂಗಳೂರು ಬಿಟ್ಟು ಬೆಂಗಳೂರು ಸೇರೋವರೆಗೆ ಒಟ್ಟು 14 ದಿನ.

ಟ್ರಾವೆಲ್ ಏಜೆಂಟ್ ಕೊಟ್ಟಿರೋ ಪ್ಲಾನ್ ಇದು: ಹನೋಯ್ 2 ರಾತ್ರಿ, ಸಾಪಾ 2, ಹಾ ಲಾಂಗ್ ಹಡಗಿನಲ್ಲಿ 1, ಹ್ಯೂ 1, ಹೋಯ್ ಆನ್ 2, ಹೋ ಚಿ ಮಿನ್ ಸಿಟಿ 2, ಕಾಂಬೋಡಿಯಾದ ಸಿಯೆಮ್ ರೀಪ್ (ಅಂಕೋರ್ ಗುಡಿಗಳ ಪಕ್ಕದ ಊರು) 2. ಹೆಂಡತಿ ಒಂದೇ ದೇಶ ನೆಮ್ಮದಿಯಾಗಿ ನೋಡೋಣ ಅಂತಾಳೆ. ಭಾವ "ಅಲ್ಲೀವರೆಗೆ ಹೋಗಿ ಅಂಕೋರ್ ವಾಟ್ ನೋಡದೆ ಬರ್ತೀರಾ" ಅಂತ ತಲೆ ತಿಂತಿದ್ದಾರೆ. ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ಬಿಡಲಿ?

ಹೆಗಲಚೀಲ:

ಮೊದಲು ಆ ಪ್ಲಾನಲ್ಲಿ ಎಷ್ಟು ಹಾಸಿಗೆ ಇದೆ ಎಣಿಸಿ. 12 ರಾತ್ರಿಗೆ ಏಳು. ಅಂದ್ರೆ ಹೆಚ್ಚುಕಮ್ಮಿ ದಿನ ಬಿಟ್ಟು ದಿನ ನಾಲ್ಕು ಜನರ ಸಾಮಾನು ಕಟ್ಟೋದು, ರೂಮ್ ಖಾಲಿ ಮಾಡೋದು, ಮತ್ತೆ ಬಿಚ್ಚೋದು. ಹನೋಯ್‌ನಿಂದ ಸಾಪಾಗೆ ರಸ್ತೆಯಲ್ಲೇ ಐದೂವರೆ-ಆರು ಗಂಟೆ, ವಾಪಸ್ ಅಷ್ಟೇ. ವಿಮಾನದಲ್ಲಿ ಊರು ಬದಲಾಯಿಸಿದರೂ ಅಷ್ಟೇನೂ ಉಳಿಯಲ್ಲ. ಬೆಳಗ್ಗೆ ಹತ್ತಕ್ಕೆ ರೂಮ್ ಬಿಟ್ಟರೆ ಏರ್‌ಪೋರ್ಟ್ ರಸ್ತೆ, ಚೆಕ್-ಇನ್, ಹಾರಾಟ, ಆ ಕಡೆಯ ಟ್ಯಾಕ್ಸಿ ಎಲ್ಲ ಮುಗಿದು ಹೊಸ ರೂಮಿನ ಬಾಗಿಲು ತೆಗೆಯುವಾಗ ಸಂಜೆ ನಾಲ್ಕು. ಮಂಡಿನೋವಿರೋರಿಗೆ ಆಮೇಲೆ ಎಲ್ಲಿಗೂ ಹೊರಡೋ ಮನಸ್ಸಿರಲ್ಲ.

ಇನ್ನು ಏಜೆಂಟ್ ಹೇಳದೇ ಇರೋ ವಿಷಯ. ಅಕ್ಟೋಬರ್, ನವೆಂಬರ್ ಅಂದ್ರೆ ವಿಯೆಟ್ನಾಮಿನ ಮಧ್ಯಭಾಗಕ್ಕೆ (ಹ್ಯೂ, ಹೋಯ್ ಆನ್ ಇರೋ ಕಡೆ) ಅತಿ ಹೆಚ್ಚು ಮಳೆ ಬೀಳೋ ಕಾಲ. ನೈಋತ್ಯ ಮುಂಗಾರಿಗೆ ಅಡ್ಡ ನಿಲ್ಲೋ ಅಲ್ಲಿನ ಬೆಟ್ಟಸಾಲೇ, ಈಗ ಈಶಾನ್ಯದಿಂದ ಸಮುದ್ರ ದಾಟಿ ಬರೋ ತೇವವನ್ನ ಕರಾವಳಿ ಮೇಲೇ ಸುರಿಸುತ್ತೆ. ಹೋಯ್ ಆನ್ ಹಳೇ ಪೇಟೆ ತು ಬೋನ್ ನದಿ ದಡದಲ್ಲೇ ಇದೆ, ತಗ್ಗು ಪ್ರದೇಶ, ಈ ತಿಂಗಳಲ್ಲಿ ಬೀದಿಗೆ ನೀರು ಬರೋದು ಅಲ್ಲಿನವರಿಗೆ ಹೊಸದೇನಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಹ್ಯೂ, ಹೋಯ್ ಆನ್ ಎರಡೂ ಮುಳುಗಿದ್ದವು. ಸಾಮಾನ್ಯವಾಗಿ ಈ ತಿಂಗಳುಗಳಲ್ಲೇ ಉತ್ತರದಲ್ಲಿ ಹನೋಯ್, ನಿನ್ ಬಿನ್, ಹಾ ಲಾಂಗ್ ಕಡೆ ವರ್ಷದಲ್ಲೇ ಒಳ್ಳೇ ಹವೆ. ಮಳೆ ಕಡಿಮೆ, ಸೆಖೆ ಇಳಿದಿರುತ್ತೆ.

ಹಾಗಾಗಿ ಹ್ಯೂ, ಹೋಯ್ ಆನ್ ಕಣ್ಣುಮುಚ್ಚಿ ಬಿಡಿ. ಸಾಪಾನೂ ಬಿಡಿ. ಫೋಟೋದಲ್ಲಿ ಕಾಣೋ ಹೊಂಬಣ್ಣದ ಭತ್ತದ ಮೆಟ್ಟಿಲು ಗದ್ದೆಗಳ ಕಟಾವು ಸೆಪ್ಟೆಂಬರ್ ಕೊನೆಗೇ ಬಹುಪಾಲು ಮುಗಿದಿರುತ್ತೆ, ಕೂಳೆ ನೋಡೋಕೆ ಹನ್ನೆರಡು ಗಂಟೆ ಬಸ್ಸಲ್ಲಿ ಕೂರೋದು ಬೇಡ. ಮಧ್ಯಭಾಗ ಬಿಟ್ಟಾಗ ಸಿಗೋ ದಿನಗಳಿಗೇ ಎರಡನೇ ದೇಶ ಸಲೀಸಾಗಿ ಹಿಡಿಯುತ್ತೆ. ನನ್ನ ಪ್ಲಾನ್ ಹೀಗೆ:

ಹನೋಯ್ 3 ರಾತ್ರಿ. ಅಲ್ಲಿಂದ ಕಾರಲ್ಲಿ ನಿನ್ ಬಿನ್ (ಗುಹೆಗಳ ನಡುವೆ ದೋಣಿ ಸುತ್ತಾಟದ ಊರು), ಎರಡು ಗಂಟೆಯೊಳಗೆ, 3 ರಾತ್ರಿ. ನಿನ್ ಬಿನ್‌ನಿಂದ ಹನೋಯ್‌ಗೆ ವಾಪಸ್ ಬರದೆ ನೇರ ಹಾ ಲಾಂಗ್‌ಗೆ ಕಾರು, ಹಡಗಲ್ಲಿ 1 ರಾತ್ರಿ. ಮತ್ತೆ ಹನೋಯ್ 1. ಮರುದಿನ ಹನೋಯ್–ಸಿಯೆಮ್ ರೀಪ್ ನೇರ ವಿಮಾನ, ಎರಡು ಗಂಟೆಯೊಳಗೆ, ಅಲ್ಲಿ 4 ರಾತ್ರಿ. ಟಿಕೆಟ್ ಹುಡುಕುವಾಗ "ಮಲ್ಟಿ-ಸಿಟಿ" ಆರಿಸಿ ಬೆಂಗಳೂರು–ಹನೋಯ್, ಸಿಯೆಮ್ ರೀಪ್–ಬೆಂಗಳೂರು ಒಂದೇ ಬುಕಿಂಗ್‌ನಲ್ಲಿ ತಗೊಳ್ಳಿ. ಬೇರೆ ಬೇರೆ ಟಿಕೆಟ್ ಮಾಡಿದ್ರೆ ದಾರೀಲಿ ಒಂದು ವಿಮಾನ ತಡವಾದಾಗ ಮುಂದಿನದಕ್ಕೆ ಯಾರೂ ಜವಾಬ್ದಾರರಲ್ಲ, ಲಗೇಜನ್ನೂ ನೀವೇ ಇಳಿಸಿ ಮತ್ತೆ ಹಾಕ್ಬೇಕು.

ಮಲ್ಲೇಶ್ವರಂ_ಮೂಲೆ:

ಮಳೆ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಕಾಂಬೋಡಿಯಾ "ಸಲೀಸಾಗಿ ಹಿಡಿಯುತ್ತೆ" ಅನ್ನೋದನ್ನ ಒಪ್ಪಲ್ಲ. ಲೆಕ್ಕ ನೋಡಿ. ಅಲ್ಲಿ ಇಳಿದಾಗ ಸಿಗುವ ಪ್ರವಾಸಿ ವೀಸಾ ತಲಾ 30 ಡಾಲರ್. ಅಂಕೋರ್ ಪಾಸ್ ಒಂದು ದಿನಕ್ಕೆ 37, ಮೂರು ದಿನಕ್ಕೆ 62. ದೊಡ್ಡವರು ಮೂವರಿಗೆ ಮೂರು ದಿನದ ಪಾಸೇ 186 ಡಾಲರ್, ವೀಸಾ ಸೇರಿ 276. ಒಂದು ಗುಡಿಯನ್ನೂ ನೋಡುವ ಮೊದಲೇ ಇಷ್ಟು ಹೋಯಿತು. ಮೇಲೆ ಹೊಸ ಸಿಮ್, ಹೊಸ ಕರೆನ್ಸಿ, ಇನ್ನೊಂದು ಇಮಿಗ್ರೇಷನ್ ಸಾಲು. 2023ರ ಅಕ್ಟೋಬರ್‌ನಲ್ಲಿ ಶುರುವಾದ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಊರಿಂದ ಸುಮಾರು 50 ಕಿ.ಮೀ. ದೂರ. ಹಳೆಯದರ ಹಾಗೆ ಟುಕ್‌ಟುಕ್ ಹತ್ತಿ ಕಾಲು ಗಂಟೆಯಲ್ಲಿ ರೂಮ್ ಸೇರೋದು ಆಗಲ್ಲ, ಹತ್ತಿರ ಹತ್ತಿರ ಒಂದು ಗಂಟೆ.

ಒಂದೇ ದೇಶ ಅಂತಿದ್ದರೆ ಉತ್ತರದ 8 ರಾತ್ರಿ ಹಾಗೇ ಇರಲಿ. ಉಳಿದ 4ಕ್ಕೆ ಹೋ ಚಿ ಮಿನ್ ಸಿಟಿ 2, ಮೆಕಾಂಗ್ ಮುಖಜ ಭೂಮಿಯ ಕಾನ್ ತೋ 2. ದಕ್ಷಿಣದಲ್ಲೂ ಆಗ ಮಳೆ ಇರುತ್ತೆ, ಆದರೆ ಮಧ್ಯಾಹ್ನ ಜೋರಾಗಿ ಒಂದು ಗಂಟೆ ಹೊಡೆದು ಬಿಡುವ ಮಳೆ. ಕಾಯ್ ರಾಂಗ್ ತೇಲುವ ಸಂತೆ ನೋಡೋದಂತೂ ಬೆಳಗಿನ ಜಾವ ಐದೂವರೆಗೆ, ಎಂಟರ ಮೇಲೆ ಹೋದರೆ ಪ್ರವಾಸಿಗಳ ದೋಣಿಯೇ ಹೆಚ್ಚು.

ಮತ್ತೆ ಒಂದು ಎಚ್ಚರಿಕೆ: ಅಂಕೋರ್ ಅಂದರೆ ಮೆಟ್ಟಿಲು. ಅಮ್ಮನಿಗೆ ಅಲ್ಲಿ ಏನು ಸಿಗುತ್ತೆ?

ಹಂಪಿ_ಕಡೆಯವ:

ಅಂಕೋರ್ ಅಂದರೆ ಮೆಟ್ಟಿಲು ಅನ್ನೋದು ಅರ್ಧ ಸತ್ಯ. ಅಂಕೋರ್ ವಾಟ್‌ನಲ್ಲಿ ಕಡಿದಾದ ಮೆಟ್ಟಿಲಿರೋದು ನಡುವಿನ ಗೋಪುರದ ಬಕಾನ್ ಅಂಗಳಕ್ಕೆ. 12 ವರ್ಷದೊಳಗಿನ ಮಕ್ಕಳನ್ನ ಅಲ್ಲಿಗೆ ಬಿಡೋದೇ ಇಲ್ಲ, ಬೌದ್ಧರ ಪವಿತ್ರ ದಿನಗಳಲ್ಲಿ ಅದು ಮುಚ್ಚಿರುತ್ತೆ. ಹಾಗಾಗಿ ಅಜ್ಜಿ-ಮೊಮ್ಮಗಳು ಕೆಳಗಿರಲಿ, ನೀವಿಬ್ಬರು ಸರದಿ ಮೇಲೆ ಹತ್ತಿ ಬನ್ನಿ. ಭುಜ, ಮಂಡಿ ಮುಚ್ಚಿರಬೇಕು. ಶಾಲು ಹೊದ್ದರೆ ಸಾಕು ಅಂದ್ಕೊಂಡರೆ ಮೆಟ್ಟಿಲ ಬುಡದಿಂದಲೇ ವಾಪಸ್ ಕಳಿಸ್ತಾರೆ, ತೋಳಿರೋ ಅಂಗಿಯೇ ಬೇಕು. ಮಗಳಿಗೆ 12 ತುಂಬಿಲ್ಲದಿದ್ದರೆ ಪಾಸ್ ಬೇಡ, ಆದರೆ ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಕೈಯಲ್ಲಿರಲಿ.

ನಿಜವಾದ ಸಂಪತ್ತು ಇರೋದು ಕೆಳಗಿನ ಹೊರ ಮೊಗಸಾಲೆಯಲ್ಲಿ. ಏರೋದಕ್ಕೆ ಒಂದಷ್ಟು ಮೆಟ್ಟಿಲು, ಆಮೇಲೆ ನೆರಳಲ್ಲಿ ಸಮತಟ್ಟು ನಡಿಗೆ, ಗೋಡೆ ಉದ್ದಕ್ಕೂ ಉಬ್ಬುಶಿಲ್ಪ. ಪಶ್ಚಿಮದ ಬಾಗಿಲಿಂದ ಒಳಹೊಕ್ಕು ಬಲಕ್ಕೆ ತಿರುಗಿದರೆ ಕುರುಕ್ಷೇತ್ರ: ಎರಡೂ ಕಡೆಯಿಂದ ಸೇನೆ ಸಾಲುಸಾಲಾಗಿ ಬರುತ್ತೆ, ನಡುವಿಗೆ ಹತ್ತಿರವಾದಂತೆ ಸಾಲು ಒಡೆದು ಕೈಕೈ ಮಿಲಾಯಿಸುತ್ತೆ, ಮೇಲ್ಗಡೆ ಭೀಷ್ಮ ಶರಶಯ್ಯೆಯಲ್ಲಿ. ಪಶ್ಚಿಮದಲ್ಲೇ ಎಡಕ್ಕೆ ಹೋದರೆ ಲಂಕೆಯ ಯುದ್ಧ, ಹನುಮಂತನ ಹೆಗಲ ಮೇಲೆ ರಾಮ. ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನ, ಸುಮಾರು 49 ಮೀಟರ್ ಉದ್ದದ ಒಂದೇ ಚಿತ್ರ. ಅಮ್ಮನಿಗೆ ಗೈಡ್ ಬೇಕಾಗಲ್ಲ, ಅವರೇ ಮೊಮ್ಮಗಳಿಗೆ ಕಥೆ ಹೇಳ್ತಾರೆ. ಆದರೆ ಪಶ್ಚಿಮದ ಹೊರಬಾಗಿಲಿಂದ ಗುಡಿವರೆಗೆ ನೆರಳಿಲ್ಲದ ಉದ್ದನೆ ಕಲ್ಲುದಾರಿ. ಅದನ್ನ ತಪ್ಪಿಸೋಕೆ ಪೂರ್ವದ ಬಾಗಿಲಲ್ಲಿ ಇಳಿಸು ಅಂತ ಡ್ರೈವರಿಗೆ ಹೇಳಿ, ಆ ಕಡೆ ಮರದ ನೆರಳಿನ ಮಣ್ಣುದಾರಿ, ಜನವೂ ಕಡಿಮೆ.

ಎರಡನೇ ದಿನ ಬಂತೇಯ್ ಸ್ರೇಯ್. 967ರಲ್ಲಿ ಪ್ರತಿಷ್ಠೆಯಾದ ಶಿವಾಲಯ, ಗುಲಾಬಿ ಬಣ್ಣದ ಮರಳುಗಲ್ಲು, ಎಲ್ಲ ಕೆತ್ತನೆ ಕಣ್ಣೆತ್ತರದಲ್ಲೇ. ಹತ್ತೋದೇನೂ ಇಲ್ಲ. ಸೋಮನಾಥಪುರ ಇಷ್ಟವಾದವರಿಗೆ ಇದು ಖಂಡಿತ ಇಷ್ಟವಾಗುತ್ತೆ. ತಾ ಪ್ರೋಮ್ ಗುಡಿಯಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರು ಜೀರ್ಣೋದ್ಧಾರ ಮಾಡಿದ್ದಾರೆ, ಮುಖ್ಯ ಜಾಗಗಳಲ್ಲಿ ಮರದ ಹಲಗೆಯ ದಾರಿ ಇದೆ. ನೋಮ್ ಬಾಖೆಂಗ್ ಗುಡ್ಡದ ಸೂರ್ಯಾಸ್ತ ಬಿಡಿ, ಅದು ಪೂರ್ತಿ ಹತ್ತೋದು ಮತ್ತು ಕಾಯೋದು.

ಮೂರು ದಿನದ ಪಾಸ್ ಸತತ ಮೂರು ದಿನವೇ ಬಳಸಬೇಕಿಲ್ಲ, 10 ದಿನದೊಳಗೆ ಯಾವ ಮೂರು ದಿನವಾದರೂ ಸರಿ. ನಾಲ್ಕು ರಾತ್ರಿ ಇದ್ದರೆ ನಡುವೆ ಒಂದು ದಿನ ಅಮ್ಮನಿಗೆ ವಿಶ್ರಾಂತಿ ಕೊಡಿ. ಏಜೆಂಟ್ ಹೇಳಿದ ಎರಡೇ ರಾತ್ರಿ ಆದರೆ ಹೋಗಲೇಬೇಡಿ, 50 ಕಿ.ಮೀ. ರಸ್ತೆ ಎರಡು ಸಲ ನೋಡಿದ್ದಷ್ಟೇ ಲಾಭ.

ಇನ್ನೊಂದು. ನಮ್ಮ ಪಿತೃಪಕ್ಷದ ಹೊತ್ತಿಗೇ ಅಲ್ಲಿ ಪ್ಚುಮ್ ಬೆನ್, ಅವರೂ ಹಿರಿಯರಿಗೆ ಅನ್ನದ ಪಿಂಡ ಇಡ್ತಾರೆ. ಕೊನೆಯ ಮೂರು ದಿನ ಸರ್ಕಾರಿ ರಜೆ, ಊರಿಗೆ ಊರೇ ಪ್ರಯಾಣದಲ್ಲಿರುತ್ತೆ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ತಲುಪೋ ಹಾಗೆ ನೋಡ್ಕೊಳ್ಳಿ.

ಇನಿಷಿಯಲ್_ಮಾತ್ರ:

ವೀಸಾ ಬಗ್ಗೆ, ಯಾಕಂದ್ರೆ ನಮ್ಮ ಕಡೆಯವರು ಎಡವೋದು ಇಲ್ಲೇ.

ವಿಯೆಟ್ನಾಂ ಇ-ವೀಸಾ ಒಂದು ಸಲ ಒಳಹೋಗೋಕೆ 25 ಡಾಲರ್, ಹಲವು ಸಲಕ್ಕೆ 50, ಎರಡೂ ಗರಿಷ್ಠ 90 ದಿನದವರೆಗೆ. ಮೇಲಿನ ಪ್ಲಾನ್‌ನಂತೆ ಹನೋಯ್‌ನಲ್ಲಿ ಇಳಿದು ಸಿಯೆಮ್ ರೀಪ್‌ನಿಂದ ಮನೆಗೆ ಬಂದರೆ 25ರದ್ದೇ ಸಾಕು. ಅಗ್ಗದ ಟಿಕೆಟ್ ಆಸೆಗೆ ಹೋಗಿ-ಬರೋದು ಎರಡೂ ಹನೋಯ್‌ಗೇ ಮಾಡಿಸಿ ನಡುವೆ ಕಾಂಬೋಡಿಯಾ ತುರುಕಿದರೆ 50ರದ್ದು ಬೇಕು. ನಾಲ್ವರಿಗೆ 100 ಡಾಲರ್ ಜಾಸ್ತಿ, ಮೇಲೆ ವಾಪಸ್ ಹಾರೋ ಖರ್ಚು. ಕಟ್ಟಿದ ಶುಲ್ಕ ವಾಪಸ್ ಬರಲ್ಲ. ಸರ್ಕಾರಿ ತಾಣದಂತೆ ಕಾಣೋ ಖಾಸಗಿ ತಾಣಗಳು ಎರಡು ಮೂರು ಪಟ್ಟು ವಸೂಲಿ ಮಾಡ್ತವೆ, ಒಂದು ಸಲದ ವೀಸಾಗೆ 25ಕ್ಕಿಂತ ಹೆಚ್ಚು ಕೇಳಿದ ಕೂಡಲೇ ಕಿಟಕಿ ಮುಚ್ಚಿ.

ಹೆಸರು: ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರೋರು ನಮ್ಮಲ್ಲಿ ಬಹಳ, ಅದರಲ್ಲೂ ಹಿರಿಯರು. ಅಮ್ಮನ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ. ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರೋ ಎರಡು ಸಾಲಿದೆಯಲ್ಲ, ಅದರಲ್ಲಿ ಹೆಸರು ಹೇಗಿದೆಯೋ ವೀಸಾ ಅರ್ಜಿಯಲ್ಲೂ ಹಾಗೇ ಬರಬೇಕು. ಟಿಕೆಟ್‌ನಲ್ಲಿ ಸರ್‌ನೇಮ್ ಕಡ್ಡಾಯ ಅಂದಾಗ ಕೆಲವು ಏರ್‌ಲೈನ್ ಅದೇ ಹೆಸರನ್ನ ಎರಡು ಸಲ ಬರೆಸ್ತವೆ, ಕೆಲವು ಬೇರೆ ರೀತಿ. ಬುಕ್ ಮಾಡೋಕೆ ಮುಂಚೆ ಕೇಳಿ, ಆಮೇಲೆ ತಿದ್ದಿಸೋಕೆ ದುಡ್ಡು. ಗಂಡನ ಹೆಸರನ್ನ ಸರ್‌ನೇಮ್ ಅಂತ ನೀವೇ ಸೇರಿಸೋದು ಮಾತ್ರ ಬೇಡ. ಪಾಸ್‌ಪೋರ್ಟ್‌ಗೆ ಪ್ರಯಾಣದ ದಿನದಿಂದ ಆರು ತಿಂಗಳು ಬಾಕಿ ಇರಲಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು, ಮಗಳದ್ದು ಯಾವಾಗ ಮುಗಿಯುತ್ತೆ ನೋಡಿ.

ದುಡ್ಡು: ಕಾಂಬೋಡಿಯಾದಲ್ಲಿ ಡಾಲರ್ ನೇರ ನಡೆಯುತ್ತೆ, ಚಿಲ್ಲರೆ ರಿಯೆಲ್‌ನಲ್ಲಿ ಕೊಡ್ತಾರೆ, ಒಂದು ಡಾಲರಿಗೆ ಸುಮಾರು 4,000. ಅಂಚು ಸ್ವಲ್ಪ ಹರಿದಿದ್ದರೂ, ಪೆನ್ ಗುರುತಿದ್ದರೂ ನೋಟು ವಾಪಸ್. ಇಲ್ಲಿ ಡಾಲರ್ ಕೊಳ್ಳುವಾಗ ಕೌಂಟರ್‌ನಲ್ಲೇ ಒಂದೊಂದೂ ತಿರುಗಿಸಿ ನೋಡಿ ತಗೊಳ್ಳಿ. ವಿಯೆಟ್ನಾಂನಲ್ಲಿ 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ 25 ಪಟ್ಟು ಕೊಟ್ಟು ಇಳೀತಾರೆ ಜನ. ದೊಡ್ಡ ನೋಟು ಬೇರೆ ಜೇಬಲ್ಲಿ ಇಡಿ, ಇಲ್ಲಾಂದ್ರೆ ಟ್ಯಾಕ್ಸಿ ಕರೆಯೋ ಗ್ರಾಬ್ ಆ್ಯಪ್‌ಗೆ ಕಾರ್ಡ್ ಜೋಡಿಸಿ, ಎರಡೂ ದೇಶದಲ್ಲಿ ನಡೆಯುತ್ತೆ.

ಜಯನಗರ_ನಾಲ್ಕನೇ_ಬ್ಲಾಕ್:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಪಾಸ್‌ಪೋರ್ಟ್ ನೋಡಿದೆ, ಸರ್‌ನೇಮ್ ಖಾಲಿಯೇ ಇದೆ! ಮಧ್ಯಭಾಗ, ಸಾಪಾ ಎರಡೂ ಕೈಬಿಟ್ಟೆ. ಇನ್ನೆರಡು ಕೇಳ್ತೀನಿ. ದೋಣಿ, ಹಡಗು ಇವೆಲ್ಲ ಅಮ್ಮನಿಗೆ ಆಗುತ್ತಾ? ಊಟಕ್ಕೆ ಎಂಟಿಆರ್ ಪ್ಯಾಕೆಟ್ ಎಷ್ಟು ಹೊರಬೇಕು?

ಮಲ್ಲೇಶ್ವರಂ_ಮೂಲೆ:

ಹನೋಯ್‌ನಲ್ಲಿ ಊಟ ನೀವಂದ್ಕೊಂಡಷ್ಟು ಕಷ್ಟವಲ್ಲ. ಬೌದ್ಧ ಸಸ್ಯಾಹಾರದ ಹೋಟೆಲ್‌ಗಳಿವೆ, ಬೋರ್ಡಲ್ಲಿ "ಚಾಯ್" ಅಂತಿರುತ್ತೆ, ಅವರ ಲಿಪಿಯಲ್ಲಿ ಸಿ-ಎಚ್-ಎ-ವೈ. ಹುಣ್ಣಿಮೆ ದಿನ, ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಬಹಳ ಜನ ಮಾಂಸ ಬಿಡೋದರಿಂದ ಅವತ್ತು ಅಲ್ಲಿ ಜಾಗ ಸಿಗೋದು ಕಷ್ಟ, ಬೇಗ ಹೋಗಿ. ಮಾಮೂಲಿ ಹೋಟೆಲಲ್ಲಿ "ಮಾಂಸ ಬೇಡ" ಅಂದರೆ ಸಾಲದು. ಮಾಂಸ ತೆಗೆದು, ಮೀನಿನ ಸಾಸ್ ಹಾಕಿ ಕೊಡ್ತಾರೆ, ಅದು ಅವರಿಗೆ ಉಪ್ಪಿನ ಬದಲಿಗೆ. ಫೋ ಸೂಪಿನ ನೀರೇ ಎಲುಬಿನದು. ಕಾಂಬೋಡಿಯಾದಲ್ಲಿ ಪ್ರಾಹೋಕ್ ಅನ್ನೋ ಮೀನಿನ ಪೇಸ್ಟ್ ಬಗ್ಗೆ ಇದೇ ಎಚ್ಚರಿಕೆ. ಮೀನಿನ ಸಾಸ್, ಎಲುಬಿನ ನೀರು, ಸಿಗಡಿ ಮೂರೂ ಬೇಡ ಅಂತ ಅವರ ಭಾಷೆಯಲ್ಲಿ ಬರೆದ ಚೀಟಿ ಫೋನಲ್ಲಿಡಿ. ಪ್ಯಾಕೆಟ್ ಬೇಕಾಗೋದು ನಿನ್ ಬಿನ್ ಹೋಂಸ್ಟೇ ರಾತ್ರಿಗಳಿಗೆ ಮತ್ತು ಪ್ರಯಾಣದ ದಿನಗಳಿಗೆ ಮಾತ್ರ. ಬಿಸಿನೀರು ಹಾಕಿದರೆ ಆಗೋ ಅವಲಕ್ಕಿ, ಉಪ್ಪಿಟ್ಟು ಎಂಟು ಹತ್ತು ಸಾಕು. ಉಪ್ಪಿನಕಾಯಿ ಬಾಟಲಿ ಚೆಕ್-ಇನ್ ಲಗೇಜಿಗೆ ಹಾಕಿ, ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯಲ್ಲೇ ಹೋಯ್ತು.

ಹೆಗಲಚೀಲ:

ನಿನ್ ಬಿನ್‌ನಲ್ಲಿ ಎರಡು ದೋಣಿ ಸುತ್ತು ಇದೆ. ತ್ರಾಂಗ್ ಆನ್ ಸುಮಾರು ಮೂರು ಗಂಟೆ, ಒಂದು ದೋಣಿಗೆ ನಾಲ್ವರು. ನೋಡೋಕೆ ಅದೇ ಚೆನ್ನ, ಆದರೆ ಒರಗೋಕೆ ಏನೂ ಇರಲ್ಲ, ಗುಹೆಯ ಚಾವಣಿ ತಗ್ಗಾದಾಗ ಬಗ್ಗಬೇಕು, ನಡುವೆ ಗುಡಿಗಳಿಗೆ ಇಳಿದು ಹತ್ತೋದಿದೆ. ಅಮ್ಮ ಇರೋದ್ರಿಂದ ತಾಮ್ ಕೋಕ್ ಒಳ್ಳೇದು. ಒಂದೂವರೆ-ಎರಡು ಗಂಟೆ, ದೋಣಿಗೆ ಇಬ್ಬರು, ಇಳಿಯೋ ಕೆಲಸ ಇಲ್ಲ, ಕಾಲಲ್ಲೇ ಹುಟ್ಟು ಹಾಕೋರನ್ನ ನೋಡ್ತಾ ಮಗಳಿಗೂ ಹೊತ್ತು ಹೋಗುತ್ತೆ. ನೆರಳಿಲ್ಲ, ಬೆಳಗ್ಗೆ ಎಂಟರೊಳಗೆ ಹತ್ತಿ.

ಹಾ ಲಾಂಗ್‌ನಲ್ಲಿ "ಎರಡು ದಿನ ಒಂದು ರಾತ್ರಿ" ಅಂತ ಮಾರೋದು ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿ ಮರುದಿನ ಹನ್ನೊಂದಕ್ಕೆ ಇಳಿಸೋ ಹಡಗು. ಕೊಲ್ಲಿಯೊಳಗೆ ಅಲೆ ಕಡಿಮೆ, ವಾಂತಿ ಭಯ ಬೇಡ. ಬುಕ್ ಮಾಡುವಾಗ ಕೇಳಬೇಕಾದ್ದು ಮೂರು: ಅಮ್ಮನ ಕ್ಯಾಬಿನ್ ಊಟದ ಹಾಲ್ ಇರೋ ಅಂತಸ್ತಲ್ಲೇ ಸಿಗುತ್ತಾ, ಲಿಫ್ಟ್ ಇದೆಯಾ, ದಡದಿಂದ ನೇರ ಹಡಗಿಗೆ ಹತ್ತೋದಾ ಅಥವಾ ನಡುವೆ ಸಣ್ಣ ದೋಣಿಯಾ. ಟಿಟಾಪ್ ದ್ವೀಪಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲು, ಸುಂಗ್ ಸೋಟ್ ಗುಹೆಯಲ್ಲೂ ನೂರಾರು. ಆ ಹೊತ್ತಲ್ಲಿ ಅಮ್ಮ ಡೆಕ್ ಮೇಲೆ ಕುರ್ಚಿ ಹಾಕ್ಕೊಂಡು ಕೂರಬಹುದು, ಯಾರೂ ಬಲವಂತ ಮಾಡಲ್ಲ.

ಚಂಡಮಾರುತ ಬಂದರೆ ಬಂದರಿನವರು ಹಡಗು ಬಿಡಲ್ಲ, ತೀರ್ಮಾನ ಹಿಂದಿನ ದಿನ ಇಲ್ಲವೇ ಅದೇ ದಿನ ಬೆಳಗ್ಗೆ. ಅದಕ್ಕೇ ಹಡಗಿನ ಮರುದಿನ ಹನೋಯ್ ಒಂದು ರಾತ್ರಿ ಇಟ್ಟಿರೋದು. ಹಡಗಿಂದ ಇಳಿದ ದಿನವೇ ಸಿಯೆಮ್ ರೀಪ್ ವಿಮಾನ ಹಿಡಿಯೋ ಪ್ಲಾನನ್ನ ಏಜೆಂಟ್ ಎಷ್ಟೇ ಹೇಳಿದರೂ ಒಪ್ಪಬೇಡಿ. ಹಡಗು ನಿಂತರೆ ದುಡ್ಡು ಪೂರ್ತಿ ವಾಪಸ್ಸಾ ಅನ್ನೋದನ್ನ ಮಾತಲ್ಲಿ ಬೇಡ, ಇಮೇಲಲ್ಲಿ ಬರೆಸ್ಕೊಳ್ಳಿ.